ನೀರಿಗೆ ಸಲೀಸಾದ ದಾರಿ

ನೆಲದೊಳಗೆ ತೈಲ ಕೆರೆಯ ಹಾಗೆ ತುಂಬಿ ನಿಂತಿದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲಿರುವುದು ಕಲ್ಲು. ಮರಳುಗಲ್ಲಿನ ಕಣಗಳ ನಡುವೆ, ಕಣ್ಣಿಗೆ ಕಾಣದ ಸಂದುಗಳಲ್ಲಿ ತೈಲ ಅಡಗಿರುತ್ತದೆ. ಬಾವಿ ಕೊರೆದಾಗ ಒಳಗಿನ ಒತ್ತಡಕ್ಕೆ ಅದರಲ್ಲೊಂದು ಸಣ್ಣ ಪಾಲು ತಾನಾಗಿಯೇ ಮೇಲೇರುತ್ತದೆ. ಮಿಕ್ಕಿದ್ದನ್ನು ಹೊರತರಲು ಸುತ್ತಲಿನ ಬೇರೆ ಬಾವಿಗಳಿಂದ ನೀರು ತುಂಬಿ ಒತ್ತಬೇಕು.

ಈಶಾನ್ಯ ಚೀನಾದ ಡಾಚಿಂಗ್‌ನಲ್ಲಿ 1959ರ ಸೆಪ್ಟೆಂಬರ್ 26ರಂದು ತೈಲ ಸಿಕ್ಕಿತು. ಒತ್ತಡ ಪೂರ್ತಿ ಕುಸಿಯುವವರೆಗೆ ಕಾಯದೆ, ಕ್ಷೇತ್ರದ ಮೊದಲ ವರ್ಷಗಳಲ್ಲೇ ಅಲ್ಲಿನವರು ನೀರು ತುಂಬತೊಡಗಿದರು. ಆ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ನದಿಗಳು ಒಂದು ದೊಡ್ಡ ಸರೋವರಕ್ಕೆ ತಂದು ಸುರಿದ ಮರಳು. ಪ್ರವಾಹ ಬಂದಾಗ ಒರಟು ಮರಳು, ಹರಿವು ತಗ್ಗಿದಾಗ ನುಣ್ಣನೆಯ ಮರಳು, ನಡುನಡುವೆ ಕೆಸರು. ಹೀಗೆ ಪದರದ ಮೇಲೆ ಪದರ ಕೂತಿತು.

ಕಷ್ಟ ಶುರುವಾಗುವುದೇ ಈ ಪದರಗಳಿಂದ. ಒರಟು ಮರಳಿನ ಪದರ ನೀರಿಗೆ ಸಡಿಲ, ನುಣ್ಣನೆಯದು ಬಿಗಿ. ಒತ್ತಡ ಒಂದೇ ಇದ್ದರೂ ಹರಿವು ಮರಳಿನ ಸಡಿಲತೆಗೆ ತಕ್ಕಂತೆ ಎಂಬುದನ್ನು ಫ್ರಾನ್ಸಿನ ಆನ್ರಿ ಡಾರ್ಸಿ 1856ರಲ್ಲೇ ತೋರಿಸಿಕೊಟ್ಟ. ದೀಜಾನ್ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಅವನು. ಒಂದು ಪದರ ಇನ್ನೊಂದಕ್ಕಿಂತ ನೂರು ಪಟ್ಟು ಸಡಿಲವಾಗಿದ್ದರೆ ನೀರೂ ಅಲ್ಲಿ ಸುಮಾರು ನೂರು ಪಟ್ಟು ಹರಿಯುತ್ತದೆ. ತೈಲ ನೀರಿಗಿಂತ ಮಂದ. ಸಡಿಲ ಪದರದಿಂದ ತೈಲ ಹೊರಟು ನೀರು ತುಂಬಿಕೊಂಡಂತೆಲ್ಲ ಆ ದಾರಿಯ ತಡೆ ಮತ್ತಷ್ಟು ಕಡಿಮೆಯಾಗುತ್ತದೆ. ನಾಳೆಯ ನೀರಿನಲ್ಲಿ ಇನ್ನೂ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಕೊನೆಗೆ ತೈಲ ಬರಬೇಕಾದ ಬಾವಿಯಲ್ಲಿ ನೀರು ಬರುತ್ತದೆ, ಬಿಗಿ ಪದರದ ತೈಲ ಇದ್ದಲ್ಲೇ ಇರುತ್ತದೆ. ಪಂಪಿನ ಬಲ ಹೆಚ್ಚಿಸಿದರೆ ಸರಿಹೋದೀತೆಂಬುದು ಸಹಜವಾದ ಆಸೆ. ಆದರೆ ಆ ಬಲದ ಹೆಚ್ಚಿನ ಪಾಲೂ ಸಡಿಲ ಪದರಕ್ಕೇ ಸಲ್ಲುತ್ತದೆ.

ಕಲ್ಲಿನೊಳಗೆ ಇನ್ನೊಂದು ಶಕ್ತಿಯೂ ಕೆಲಸ ಮಾಡುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಕಣಗಳಿಗೆ ನೀರಿನತ್ತ ಒಲವಿದ್ದ ಕಡೆ, ನುಣ್ಣನೆಯ ಪದರ ಪಕ್ಕದ ಒರಟು ಪದರದಿಂದ ನೀರನ್ನು ಹೀರಿಕೊಂಡು ತನ್ನ ತೈಲವನ್ನು ಅತ್ತ ಬಿಟ್ಟುಕೊಡುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ. ಆದರೆ ಇದು ಬಹಳ ನಿಧಾನದ ಕೆಲಸ. ನಡುವೆ ಕೆಸರಿನ ಪದರ ಗಟ್ಟಿಯಾಗಿ ಕೂತಿದ್ದರೆ ನಡೆಯುವುದೂ ಇಲ್ಲ. ಅವಸರದಿಂದ ನೀರು ನುಗ್ಗಿಸುವವರು ಕಲ್ಲು ತಾನಾಗಿ ಕೊಡುವುದನ್ನೂ ಕಳೆದುಕೊಳ್ಳುತ್ತಾರೆ.

ಡಾಚಿಂಗ್‌ನವರು ನೀರು ತುಂಬುವ ಬಾವಿಯನ್ನೇ ಪ್ಯಾಕರ್ ಎಂಬ ರಬ್ಬರಿನ ಬಿರಡೆಗಳಿಂದ ಭಾಗಭಾಗವಾಗಿ ಬೇರ್ಪಡಿಸಿದರು. ಸಡಿಲ ಪದರಕ್ಕೆ ನೀರು ಬಿಗಿಹಿಡಿದು, ಬಿಗಿ ಪದರಕ್ಕೆ ಧಾರಾಳವಾಗಿ ಕೊಟ್ಟರು. 1976ರಿಂದ 2002ರವರೆಗೆ, 27 ವರ್ಷ, ಆ ಕ್ಷೇತ್ರ ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ತೈಲ ಕೊಟ್ಟಿತು. 1990ರ ದಶಕದಲ್ಲಿ, ನೀರು ಸಡಿಲ ದಾರಿಯಲ್ಲೇ ಓಡದಿರಲೆಂದು, ಅದಕ್ಕೆ ಪಾಲಿಮರ್ ಬೆರೆಸಿ ಅದನ್ನೂ ಮಂದವಾಗಿಸಿದರು. ನಮ್ಮ ರಾಜಸ್ಥಾನದ ಬಾಡಮೇರ್ ಸೀಮೆಯಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ಕ್ಷೇತ್ರದ ಮರಳುಗಲ್ಲಿಗೂ ಪಾಲಿಮರ್ ನೀರು ಇಳಿದಿದೆ. ಬೇಕಾದ ಕಚ್ಚಾತೈಲದಲ್ಲಿ 100ಕ್ಕೆ 85ಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಹೊಸ ಕ್ಷೇತ್ರ ಹುಡುಕುವಷ್ಟೇ ಶ್ರದ್ಧೆಯಿಂದ ಹಳೆಯ ಪದರಗಳನ್ನೂ ನೋಡಿಕೊಳ್ಳಬೇಕು.

ಡಾಚಿಂಗ್‌ನ ಬಾವಿಗಳಿಂದ ಈಗ ಮೇಲೆ ಬರುವ ದ್ರವದಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ನೀರೇ. ಅದರಿಂದ ತೈಲ ಬೇರ್ಪಡಿಸಿ, ನೀರನ್ನು ಸೋಸಿ, ಮತ್ತೆ ಅದೇ ಕಲ್ಲಿಗೆ ಇಳಿಸುತ್ತಾರೆ.