ಮುಂದಿನವರ ಪಾಲು

ಹಳೆಯ ಡೀಸೆಲ್ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತವರಿಗೆ ಅದರಲ್ಲಿ ಎರಡು ಜಾತಿಯ ಭಾಗಗಳು ಕಾಣುತ್ತವೆ. ಒಂದು, ಸವೆಯಲೆಂದೇ ಮಾಡಿದವು. ಪಿಸ್ಟನ್ ರಿಂಗು, ಬೇರಿಂಗು, ಗ್ಯಾಸ್ಕೆಟ್ಟು, ಲೈನರು ಎಲ್ಲ ಈ ಜಾತಿ. ಹಳತನ್ನು ಎಸೆದು ಹೊಸದನ್ನು ಹಾಕಿದರೆ ಯಾರಿಗೂ ಬೇಜಾರಿಲ್ಲ. ಇನ್ನೊಂದು, ಇಂಜಿನ್ ಬಾಳುವಷ್ಟು ದಿನ ತಾನೂ ಬಾಳಲೆಂದು ಮಾಡಿದವು. ಕ್ರ್ಯಾಂಕ್‌ಶಾಫ್ಟ್ ಅಂಥದ್ದು. ಪಿಸ್ಟನ್ನುಗಳ ಏರಿಳಿತವನ್ನು ಚಕ್ರದ ತಿರುಗಾಟವಾಗಿ ಮಾರ್ಪಡಿಸುವ ಈ ಉಕ್ಕಿನ ದಂಡವೂ ಸವೆಯುತ್ತದೆ. ಆದರೆ ಅದರ ರಿಪೇರಿಯ ಕ್ರಮವೇ ಬೇರೆ. ಸಾಮಾನ್ಯವಾಗಿ ಸವೆದ ಜಾಗಕ್ಕೆ ಏನನ್ನೂ ತುಂಬುವುದಿಲ್ಲ, ಇನ್ನಷ್ಟು ತೆಗೆಯುತ್ತಾರೆ. ಬೇರಿಂಗಿನೊಳಗೆ ತಿರುಗುವ ಭಾಗಗಳನ್ನು ಗ್ರೈಂಡಿಂಗ್ ಮಷೀನಿಗೆ ಕೊಟ್ಟು, ಮತ್ತೆ ಸರಿಯಾದ ದುಂಡಗೆ ಬರುವವರೆಗೆ ಉಜ್ಜಿ, ಕಡಿಮೆಯಾದಷ್ಟೇ ದಪ್ಪನೆಯ ಬೇರಿಂಗ್ ಹಾಕುತ್ತಾರೆ.

ಈ ಬೇರಿಂಗುಗಳು ಸಿಗುವುದು ಲೆಕ್ಕದ ಅಳತೆಗಳಲ್ಲಿ: 0.25, 0.50, 0.75, 1.00 ಮಿಲಿಮೀಟರ್. ಒಂದು ಮಿಲಿಮೀಟರ್ ದಾಟಿದರೆ ಅಂಗಡಿಯಲ್ಲಿ ಬೇರಿಂಗ್ ಇಲ್ಲ. ಅಂದರೆ ಒಂದು ಕ್ರ್ಯಾಂಕಿನ ಆಯುಷ್ಯದಲ್ಲಿ ಹೆಚ್ಚೆಂದರೆ ನಾಲ್ಕು ರಿಪೇರಿ. ಪ್ರತಿಯೊಂದು ರಿಪೇರಿಯೂ ಮುಂದೆ ಆಗಬಹುದಾದ ಒಂದು ರಿಪೇರಿಯನ್ನು ತಿಂದುಕೊಂಡೇ ಆಗುತ್ತದೆ. ಈ ನಾಲ್ಕರಲ್ಲಿ ನಾನು ಎಷ್ಟು ತೆಗೆದುಕೊಳ್ಳಬಹುದು? ಕೆಲವು ತಿಂಗಳಿಂದ ಶನಿವಾರ, ಭಾನುವಾರಗಳಲ್ಲಿ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ನನ್ನ ಕೈಗೆ ಬಂದಿರುವುದು ಟಾಟಾ 692. ಆರು ಸಿಲಿಂಡರ್, ಒಂದೊಂದರ ಬೋರು 92 ಮಿಲಿಮೀಟರ್; ಹೆಸರೇ ಅದರ ಜಾತಕ. ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಹದಿನೈದು ವರ್ಷದ ಒಪ್ಪಂದ 1969ರಲ್ಲಿ ಮುಗಿದಾಗ ಲಾರಿಗಳ ಮೂತಿಯಿಂದ ಮರ್ಸಿಡಿಸ್ ನಕ್ಷತ್ರ ಹೋಯಿತು. ಒಳಗಿನ ಇಂಜಿನ್ನಿನಲ್ಲಿ ಜರ್ಮನ್ ಚಹರೆ ಉಳಿಯಿತು. ನನ್ನ ಸೋದರಮಾವನ 1210 ಲಾರಿಯಲ್ಲಿದ್ದದ್ದು ಇದೇ ಇಂಜಿನ್. ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೊತ್ತು ಹಳೆಯ ಎನ್‌ಎಚ್-4ರಲ್ಲಿ ಪುಣೆ, ಮುಂಬೈ ಕಡೆಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಲಾರಿ ಗುಜರಿಗೆ ಹೋದಾಗ ಮಾವ ಇಂಜಿನ್ ಮಾತ್ರ ಇಳಿಸಿಟ್ಟುಕೊಂಡಿದ್ದರು. ಈಗ ಅದು ಪುಣೆಯ ನಮ್ಮ ಮನೆಯ ಪಾರ್ಕಿಂಗಿನಲ್ಲಿ, ಚೈನ್ ಪುಲ್ಲಿಯ ಕೆಳಗೆ ಇದೆ. ಕಾರು ಬೀದಿಯಲ್ಲಿ ನಿಲ್ಲುತ್ತದೆ.

ಕ್ರ್ಯಾಂಕ್ ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದಾಗ ಅದರ ಒಂದು ಬದಿಯಲ್ಲಿ ಪಂಚ್ ಹೊಡೆದ ಅಂಕಿ ಕಂಡಿತು: 25. ಹಿಂದೊಮ್ಮೆ ಯಾರೋ ಇದನ್ನು ಗ್ರೈಂಡ್ ಮಾಡಿಸಿದ್ದಾರೆ, ಕಾಲು ಮಿಲಿಮೀಟರಿಗೆ ನಿಲ್ಲಿಸಿದ್ದಾರೆ, ಮುಂದೆ ಬಿಚ್ಚುವವರಿಗೆ ಗೊತ್ತಾಗಲೆಂದು ಗುರುತು ಹಾಕಿದ್ದಾರೆ. ಅವರ ಹೆಸರು ಮಾವನಿಗೂ ನೆನಪಿಲ್ಲ. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬ ಮೇಸ್ತ್ರಿ. ಅವರು ಕಾಲಕ್ಕೇ ಯಾಕೆ ನಿಲ್ಲಿಸಿದರೋ ನಾನು ಊಹಿಸಲಾರೆ. ಅವರು ಹಾಗೆ ನಿಲ್ಲಿಸಿದ್ದರಿಂದ ನನಗೆ ಮೂರು ಅವಕಾಶ ಉಳಿದಿತ್ತು ಎನ್ನುವುದು ಮಾತ್ರ ಖಚಿತ.

ಮೈಕ್ರೋಮೀಟರ್ ಹಿಡಿದು ಅಳೆದಾಗ ಹೆಚ್ಚಿನ ಭಾಗಗಳು 0.50ಕ್ಕೆ ಸರಿಹೋಗುವಂತಿದ್ದವು. ಕನೆಕ್ಟಿಂಗ್ ರಾಡು ಹಿಡಿಯುವ ಆರು ಪಿನ್ನುಗಳಲ್ಲಿ ಮೂರನೆಯದರ ಮೇಲೆ ಮಾತ್ರ ಉಗುರಿಗೆ ತಾಕುವಷ್ಟು ಗೆರೆಗಳಿದ್ದವು. ಅವು ಎಷ್ಟು ಆಳ ಎಂದು ಉಜ್ಜದೆ ತಿಳಿಯದು. ಬೇರಿಂಗ್ ಸೆಟ್ಟಾಗಿ ಬರುವುದರಿಂದ ಒಂದು ಪಿನ್ನಿಗೆ ಎಷ್ಟೋ ಮಿಕ್ಕ ಐದಕ್ಕೂ ಅಷ್ಟೇ. ಗ್ರೈಂಡಿಂಗ್ ಅಂಗಡಿಯ ಹಿರಿಯರು ಬೆಳಗಾವಿ ಕಡೆಯವರು, ನಲವತ್ತು ವರ್ಷ ಇದೇ ಕಸುಬು ಮಾಡಿದವರು. ಪಿನ್ನಿನ ಮೇಲೆ ಉಗುರಾಡಿಸಿ ಅಂದರು:

“ಎಪ್ಪತ್ತೈದಕ್ಕ ತಗದ್ ಬಿಡೂಣ್ರೀ ಸಾಹೇಬ್ರ. ಒಂದ ಸಲಕ್ಕ ಗೆರಿ ಹೋಗ್ತಾವ. ನಿಮಗೂ ಚಿಂತಿ ಇಲ್ಲ, ನನಗೂ ಇಲ್ಲ.”

“ಮೊದ್ಲು ಆ ಮೂರನೇ ಪಿನ್ನೊಂದನ್ನೇ ಐವತ್ತಕ್ಕೆ ನೋಡೋಣ ಕಾಕಾ. ಗೆರೆ ಉಳಿದ್ರೆ ಆಮೇಲೆ ಎಪ್ಪತ್ತೈದು.”

“ಮಾಡೂಣ. ಅರ್ಧಾ ದಿನಾ ನಿಮ್ಮದೊಂದಕ್ಕ ಹೋಗ್ತದ. ಅದರ ರೊಕ್ಕ ಬ್ಯಾರೆ ನೋಡ್ರಿ.”

ಅವರ ಮಾತಿನಲ್ಲಿ ಮೋಸವಿಲ್ಲ, ಅನುಭವವಿದೆ. ಆದರೂ ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು.

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಹದಿನೇಳನೆಯ ಶತಮಾನದಲ್ಲಿ ಆಸ್ತಿಯ ಬಗ್ಗೆ ಬರೆಯುತ್ತ ಒಂದು ಷರತ್ತು ಹಾಕಿದ. ಎಲ್ಲರಿಗೂ ಸೇರಿದ್ದರಿಂದ ನೀನು ನಿನ್ನ ದುಡಿಮೆಯಿಂದ ತೆಗೆದುಕೊಳ್ಳಬಹುದು, ಆದರೆ ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಹರಿಯುವ ನದಿಯಿಂದ ಒಂದು ಕೊಡ ನೀರು ಎತ್ತುವವನಿಗೆ ಈ ನಿಯಮ ಸಾಕು. ಕ್ರ್ಯಾಂಕಿನ ಮುಂದೆ ಇದು ಸೋಲುತ್ತದೆ. ಇಲ್ಲಿ ಯಾರು ಎಷ್ಟು ತೆಗೆದರೂ ಹಿಂದಿನವರಿಗೆ ಇದ್ದಷ್ಟು ಮುಂದಿನವರಿಗೆ ಇರುವುದಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಯಾರೂ ರಿಪೇರಿಯನ್ನೇ ಮಾಡುವಂತಿಲ್ಲ. ಸಮಪಾಲು ಮಾಡೋಣವೆಂದರೆ ಎಷ್ಟು ಜನರ ನಡುವೆ? ಮುಂದೆ ಬರುವವರು ಒಬ್ಬರೋ, ನಾಲ್ವರೋ, ಯಾರೂ ಇಲ್ಲವೋ.

ನನ್ನ ಸಹೋದ್ಯೋಗಿಯೊಬ್ಬ ಇದೇ ಎಳೆ ಹಿಡಿದು ವಾದ ಮಾಡಿದ. “ನಿನ್ನ ಇಂಜಿನ್ ಇನ್ನು ಲಾರಿಗೆ ಹೋಗಲ್ಲ. ವರ್ಷಕ್ಕೆ ಹತ್ತು ಸಲ ಸ್ಟ್ಯಾಂಡ್ ಮೇಲೆ ಸ್ಟಾರ್ಟ್ ಮಾಡ್ತೀಯ. ಅದು ಮತ್ತೆ ಸವೆಯೋದು ಯಾವಾಗ? ಇಲ್ಲದ ಮನುಷ್ಯನಿಗೆ ಪಾಲು ಎತ್ತಿಡ್ತೀಯಾ?” ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಮುಂದಿನವರು ಬರುತ್ತಾರೆಂದು ನಾನು ಸಾಧಿಸಲಾರೆ. 25 ಎಂದು ಪಂಚ್ ಹೊಡೆದ ಮೇಸ್ತ್ರಿಯೂ ನಾನು ಬರುತ್ತೇನೆಂದು ಸಾಧಿಸಲಾರದವರಾಗಿದ್ದರು. ಆದರೆ ಒಬ್ಬರ ಸಂಯಮದಿಂದ ಉಪಕಾರ ಪಡೆದವನು, ಅದೇ ಸಂಯಮ ನನಗೆ ಅನ್ವಯಿಸದು ಎನ್ನುವುದು ಹೇಗೆ? ಪಿತೃಋಣವನ್ನು ಮಕ್ಕಳ ಮೂಲಕ ತೀರಿಸಬೇಕೆಂದು ನಮ್ಮ ಹಿರಿಯರು ಹೇಳಿದ್ದರಲ್ಲಿ ಈ ತಿಳಿವಳಿಕೆ ಇದೆ. ಕೆಲವು ಸಾಲಗಳನ್ನು ಕೊಟ್ಟವರಿಗೆ ಹಿಂತಿರುಗಿಸಲು ಆಗದು.

ಹಾಗಿದ್ದರೂ ‘ಕಡಿಮೆ ತೆಗೆದಷ್ಟೂ ಒಳ್ಳೆಯದು’ ಎಂಬ ತೀರ್ಮಾನಕ್ಕೆ ಬಂದರೆ ಅದೂ ತಪ್ಪು. ಪಿನ್ನಿಗೂ ಬೇರಿಂಗಿಗೂ ನಡುವೆ ಕೂದಲೆಳೆಯಷ್ಟು ಸಂದು, ಅದರಲ್ಲಿ ಎಣ್ಣೆಯ ಪೊರೆ. ಇಡೀ ಭಾರವನ್ನು ಹೊರುವುದು ಆ ಪೊರೆ. ಗೆರೆ ಉಳಿದರೆ ಪೊರೆ ಹರಿದು, ಲೋಹಕ್ಕೆ ಲೋಹ ತಾಕಿ, ಬೇರಿಂಗ್ ಸುಟ್ಟು, ಕೆಟ್ಟರೆ ಕನೆಕ್ಟಿಂಗ್ ರಾಡು ಬ್ಲಾಕನ್ನೇ ಒಡೆದು ಹೊರಬರುತ್ತದೆ. ಮುರಿದ ಕ್ರ್ಯಾಂಕಿನಲ್ಲಿ ಉಳಿಸಿದ ಕಾಲು ಮಿಲಿಮೀಟರ್ ಯಾರಿಗೆ ಬೇಕು? ಜಿಪುಣತನ ಇಲ್ಲಿ ಸಂಯಮದ ವೇಷ ಹಾಕಿಕೊಂಡು ಬರುತ್ತದೆ.

ಆದ್ದರಿಂದ ಪಾಲಿನ ಲೆಕ್ಕವೇ ಇಲ್ಲಿ ಹೊಂದುವುದಿಲ್ಲ ಎಂದು ನನಗೀಗ ಅನ್ನಿಸುತ್ತದೆ. ಎಷ್ಟು ತೆಗೆಯುತ್ತೇನೆ ಎನ್ನುವುದಕ್ಕಿಂತ ಯಾವ ಕಾರಣಕ್ಕೆ ತೆಗೆಯುತ್ತೇನೆ ಎಂದು ಕೇಳಿಕೊಳ್ಳಬೇಕು. ಮೂರು ಕಾರಣಗಳಿರಬಹುದು. ಒಂದು, ಪೆಟ್ಟು ಅಷ್ಟು ಆಳಕ್ಕೆ ಹೋಗಿದೆ. ಎರಡು, ನನಗೆ ಅನುಕೂಲ, ಕೆಲಸ ಬೇಗ ಮುಗಿಯುತ್ತದೆ. ಮೂರು, ಭಯ. ಈ ಮೂರನೆಯದಕ್ಕೆ ಕನ್ನಡದಲ್ಲಿ ಒಂದು ಮುದ್ದಾದ ಮಾತಿದೆ: ‘ಯಾವುದಕ್ಕೂ ಇರಲಿ’. ಮೊದಲನೆಯ ಕಾರಣಕ್ಕೆ ಕೊನೆಯ ಮಿಲಿಮೀಟರನ್ನು ತೆಗೆದರೂ ನಾನು ಯಾರಿಗೂ ಅನ್ಯಾಯ ಮಾಡಿಲ್ಲ. ಉಳಿದೆರಡು ಕಾರಣಕ್ಕೆ ಒಂದೇ ಒಂದು ಕಾಲು ತೆಗೆದರೂ ಬೇರೆಯವರದ್ದನ್ನು ತೆಗೆದಂತೆ.

ಅನುಕೂಲಕ್ಕಾಗಿ ತೆಗೆಯುವವನಿಗೆ ಒಳಗೊಳಗೇ ಗೊತ್ತಿರುತ್ತದೆ. ‘ಯಾವುದಕ್ಕೂ ಇರಲಿ’ ಎನ್ನುವವನಿಗೆ ತಾನು ಜವಾಬ್ದಾರಿಯುತ ಎನ್ನಿಸುತ್ತದೆ, ಅದೇ ತೊಂದರೆ. ಪ್ರಾಜೆಕ್ಟ್ ನಡೆಸುವ ನನ್ನ ಕಸುಬಿನಲ್ಲಿ ಇದು ದಿನನಿತ್ಯದ ಮಾತು. ಆರು ಜನ ಸಾಕಾಗುವಲ್ಲಿ ಎಂಟು ಕೇಳು, ಯಾವುದಕ್ಕೂ ಇರಲಿ. ಆ ಇಬ್ಬರು ಆಕಾಶದಿಂದ ಬೀಳುವುದಿಲ್ಲ, ಇನ್ನೊಂದು ಟೀಮಿನಿಂದ ಬರುತ್ತಾರೆ. ಅಲ್ಲಿ ಯಾರೋ ರಾತ್ರಿ ಹನ್ನೊಂದರವರೆಗೆ ಕೂರುತ್ತಾರೆ. ಊರಿನ ಕಡೆ ಇನ್ನೊಂದು ಬೋರು ಇದೆ. ನೀರು ಸಿಕ್ಕಮೇಲೂ ಇನ್ನಷ್ಟು ಅಡಿ ಇಳಿಸಿಬಿಡಿ, ಯಾವುದಕ್ಕೂ ಇರಲಿ. ಪಕ್ಕದ ಹೊಲದವನೂ ಅದನ್ನೇ ಹೇಳುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿರುವುದರಲ್ಲಿ ಬಾಯಾರಿಕೆಯ ಜೊತೆ ಈ ಭಯದ ಪಾಲೂ ಇದೆ.

ಕಾರಣ ಯಾವುದೆಂದು ಪರೀಕ್ಷಿಸಲು ಖರ್ಚಿದೆ. ಅಳೆಯಬೇಕು, ಸ್ವಲ್ಪ ತೆಗೆದು ನಿಲ್ಲಿಸಿ ನೋಡಬೇಕು, ಕಾಯಬೇಕು. ಆ ಅರ್ಧ ದಿನದ ಕೂಲಿ ನನ್ನ ಜೇಬಿನಿಂದ ಹೋಗಬೇಕು. ಮುಂದಿನವರ ಮೇಲಿನ ಕಾಳಜಿ ಎಂದು ನಾವು ಭಾಷಣದಲ್ಲಿ ಹೇಳುವುದು ಕೆಲಸದಲ್ಲಿ ಇಷ್ಟು ಸಣ್ಣದಾಗಿ, ಇಷ್ಟು ಬೇಸರದ್ದಾಗಿ ಇರುತ್ತದೆ.

ಕಾಕಾ ಮೂರನೆಯ ಪಿನ್ನನ್ನು 0.50ಕ್ಕೆ ತಂದು ಮಷೀನ್ ನಿಲ್ಲಿಸಿದರು. ಒರೆಸಿ, ಬೆಳಕಿಗೆ ತಿರುಗಿಸಿ ನೋಡಿದೆವು. ಒಂದು ಗೆರೆ ಉಳಿದಿತ್ತು. ಹಾಗಾಗಿ ಆರೂ ಪಿನ್ನುಗಳು 0.75ಕ್ಕೇ ಹೋದವು, ಕಾಕಾ ಮೊದಲೇ ಹೇಳಿದ ಹಾಗೆ. ಬ್ಲಾಕಿನಲ್ಲಿ ಕೂರುವ ಮೇನ್ ಜರ್ನಲ್‌ಗಳು 0.50ಕ್ಕೆ ಸ್ವಚ್ಛವಾದವು, ಅಲ್ಲಿಗೇ ನಿಂತವು. ಅರ್ಧ ದಿನದ ಕೂಲಿ ಕೊಟ್ಟು ಗೆದ್ದದ್ದೇನು ಎಂದು ಸಹೋದ್ಯೋಗಿ ನಕ್ಕ. ಪಿನ್ನಿನ ಲೆಕ್ಕದಲ್ಲಿ ಏನೂ ಇಲ್ಲ. ಆ ಕಾಲು ಮಿಲಿಮೀಟರನ್ನು ಬೇಡಿದ್ದು ಪೆಟ್ಟು, ನಮ್ಮ ಭಯವಲ್ಲ ಎಂದು ತಿಳಿಯಿತು, ಅಷ್ಟೇ. ನನಗೆ ಅದು ದುಬಾರಿ ಎನ್ನಿಸಲಿಲ್ಲ.

ಹಳೆಯ 25ರ ಪಕ್ಕದಲ್ಲಿ ಕಾಕಾ ಈಗ ಎರಡು ಅಂಕಿ ಹೊಡೆದಿದ್ದಾರೆ: ಮೇನ್‌ಗೆ 50, ಪಿನ್ನಿಗೆ 75. ಇನ್ನು ಮೇನ್‌ನಲ್ಲಿ ಎರಡು ಸಲ ಉಳಿದಿದೆ, ಪಿನ್ನಿನಲ್ಲಿ ಒಂದೇ ಸಲ.