ದನಿ ಯಾರದು, ಫಲ ಯಾರಿಗೆ?

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಉಡಿಗಾಲದಲ್ಲಿ ಒಂದು ಸಂಜೆ ಟೀ ಅಂಗಡಿಯ ಮುಂದೆ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿದ್ದ ಹುಡುಗನೊಬ್ಬನ ಮೊಬೈಲಿನಿಂದ ಸಿದ್ದಪ್ಪಾಜಿಯ ಕಥೆಯ ಹಾಡು ಕೇಳಿಬರುತ್ತಿತ್ತು. ತಂಬೂರಿಯ ಶ್ರುತಿ, ಗಗ್ಗರದ ಸದ್ದು, ಅದರ ನಡುವೆ ಎದೆಯಾಳದಿಂದ ಏಳುವ ಗಂಡು ದನಿ. ಅಂಗಡಿಯ ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ವೃದ್ಧರೊಬ್ಬರು ಲೋಟ ಕೆಳಗಿಟ್ಟು ಕಿವಿಗೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಇದು ನಂದೇ ದನಿ ಕನ ಸಾಬ್ರೇ” ಎಂದರು.

ಹುಡುಗ ಮೊಬೈಲನ್ನು ಅವರ ಮುಂದೆ ಹಿಡಿದ. ಪರದೆಯ ಮೇಲೆ ಬೆಟ್ಟದ ಚಿತ್ರವಿತ್ತು, ದೇವರ ಚಿತ್ರವಿತ್ತು, ಹಾಡನ್ನು ಹಾಕಿದವರ ಹೆಸರಿತ್ತು. ಹಾಡಿದವರ ಹೆಸರಿರಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಯಾರೋ ಪಟ್ಟಣಕ್ಕೆ ಕರೆದೊಯ್ದು ಎರಡು ದಿನ ಹಾಡಿಸಿದ್ದರಂತೆ. ಊಟ, ಬಸ್ ಚಾರ್ಜು, ಕೈಗೊಂದಿಷ್ಟು ದುಡ್ಡು ಕೊಟ್ಟಿದ್ದರಂತೆ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. “ನಿಮಗೆ ಬೇಸರವಾಗಲಿಲ್ಲವೇ ಅಯ್ಯ?” ಎಂದು ಕೇಳಿದೆ. “ಹಾಡು ನಂದಲ್ಲ, ಗುರುಗಳ್ದು. ದನಿ ಮಾತ್ರ ನಂದು” ಎಂದು ಹೇಳಿ ಸುಮ್ಮನಾದರು.

ಆ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಇಂದು ಡಿಜಿಟಲ್ ತಂತ್ರಜ್ಞಾನ ಪ್ರಾದೇಶಿಕ ಕಲೆಗಳಿಗೆ ಹೊಸ ಬಾಗಿಲು ತೆರೆದಿದೆ ಎಂದು ಎಲ್ಲೆಡೆ ಹೇಳಲಾಗುತ್ತಿದೆ. ಬಾಗಿಲು ತೆರೆದಿರುವುದು ನಿಜ. ಆದರೆ ಆ ಬಾಗಿಲಿನಿಂದ ಒಳಗೆ ಹೋಗುತ್ತಿರುವವರು ಯಾರು, ಹೊರಗೆ ಉಳಿಯುತ್ತಿರುವವರು ಯಾರು ಎಂಬುದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ಅದು ನ್ಯಾಯದ ಪ್ರಶ್ನೆ.

ಮೊದಲು ಒಳಿತನ್ನು ಒಪ್ಪಿಕೊಳ್ಳೋಣ. ಚಾಮರಾಜನಗರ ಜಿಲ್ಲೆ ಹಾಡಿನ ವಿಷಯದಲ್ಲಿ ಬಡವಲ್ಲ. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯೊಡನೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿಯೊಡನೆ ಹಾಡುವ ನೀಲಗಾರರು ಈ ನೆಲದಲ್ಲಿದ್ದಾರೆ. ರಾತ್ರಿಯಿಡೀ ಹಾಡಿದರೂ ಮುಗಿಯದ ಮಹಾಕಾವ್ಯಗಳನ್ನು ಇವರು ಒಂದಕ್ಷರವನ್ನೂ ಬರೆದಿಟ್ಟುಕೊಳ್ಳದೆ ನಾಲಗೆಯ ಮೇಲೆ ಉಳಿಸಿಕೊಂಡು ಬಂದಿದ್ದಾರೆ. ಒಂದು ಕಾಲದಲ್ಲಿ ಇವರ ದನಿ ಊರಿನ ಆಚೆಗೆ ಹೋಗಬೇಕಾದರೆ ಯಾರಾದರೂ ಕರೆಯಬೇಕಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿಯ ಬಾಗಿಲು ಬಡಿಯಬೇಕಿತ್ತು, ಇಲ್ಲವೇ ಕ್ಯಾಸೆಟ್ ಕಂಪೆನಿಯವರು ಮನಸ್ಸು ಮಾಡಬೇಕಿತ್ತು. ಇಂದು ಒಬ್ಬ ಯುವ ನೀಲಗಾರ ತನ್ನ ಮನೆಯ ಜಗಲಿಯಲ್ಲೇ ಕುಳಿತು ಹಾಡಿ, ಅದನ್ನು ದುಬೈಯಲ್ಲಿ ದುಡಿಯುತ್ತಿರುವ ತನ್ನೂರಿನವನಿಗೆ ಅದೇ ಗಳಿಗೆಯಲ್ಲಿ ಕೇಳಿಸಬಲ್ಲ. ಮಧ್ಯವರ್ತಿಯ ಹಂಗಿಲ್ಲದ ಈ ಸ್ವಾತಂತ್ರ್ಯ ಸಣ್ಣದಲ್ಲ.

ಆದರೆ ತಂತ್ರಜ್ಞಾನ ತಾನಾಗಿಯೇ ನ್ಯಾಯವನ್ನು ತರುವುದಿಲ್ಲ. ಅದು ಇದ್ದ ಅನ್ಯಾಯವನ್ನು ವೇಗವಾಗಿ ಹಂಚಲೂಬಲ್ಲದು. ಆ ವೃದ್ಧರ ದನಿ ಕ್ಯಾಸೆಟ್ಟಿನಲ್ಲಿ ಮಾರಾಟವಾಯಿತು. ಬಳಿಕ ಸಿ.ಡಿ.ಗೆ ಬಂತು, ಅಲ್ಲಿಂದ ಮೊಬೈಲ್ ಅಂಗಡಿಗಳ ಕಂಪ್ಯೂಟರಿಗೆ, ಅಲ್ಲಿಂದ ಮೆಮೊರಿ ಕಾರ್ಡಿಗೆ, ಈಗ ಅಂತರ್ಜಾಲಕ್ಕೆ. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ಸಂಪಾದಿಸಿದ್ದಾರೆ. ಪ್ರತಿ ಹೆಜ್ಜೆಯಲ್ಲೂ ಹಾಡಿದವರ ಹೆಸರು ಇನ್ನಷ್ಟು ಮಸುಕಾಗಿದೆ.

ಇಲ್ಲಿ ಒಂದು ವಾದವನ್ನು ಮುಂದಿಡಲಾಗುತ್ತದೆ. ಜನಪದ ಹಾಡಿಗೆ ಕರ್ತೃವಿಲ್ಲ, ಅದು ಯಾರ ಸ್ವತ್ತೂ ಅಲ್ಲ. ಯಾರದೂ ಅಲ್ಲದ್ದನ್ನು ಕದಿಯುವುದು ಹೇಗೆ? ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಹಾಡು ತನ್ನದಲ್ಲ ಎಂದು ಆ ವೃದ್ಧರೇ ಹೇಳಿದರಲ್ಲ!

ಈ ಗೊಂದಲವನ್ನು ಬಿಡಿಸಲು ಇಸ್ಲಾಮಿನ ಒಂದು ತಿಳಿವಳಿಕೆ ನೆರವಾಗುತ್ತದೆ. ನೀರು, ಹುಲ್ಲುಗಾವಲು ಮತ್ತು ಬೆಂಕಿ ಎಲ್ಲರಿಗೂ ಸೇರಿದವು ಎಂಬ ಅರ್ಥದ ಪ್ರವಾದಿ(ಸ)ರ ವಚನ ಪ್ರಸಿದ್ಧವಾದುದು. ಆದರೆ ಧರ್ಮಶಾಸ್ತ್ರದ ವಿದ್ವಾಂಸರು ಅಲ್ಲಿಗೆ ನಿಲ್ಲಲಿಲ್ಲ. ಹರಿಯುವ ನೀರು ಎಲ್ಲರದು. ಒಬ್ಬನು ಅದನ್ನು ತನ್ನ ಕೊಡದಲ್ಲಿ ತುಂಬಿ ಹೊತ್ತು ತಂದರೆ ಆ ಕೊಡದ ನೀರು ಅವನದು ಎಂದರು. ಏಕೆಂದರೆ ಅದರಲ್ಲಿ ಅವನ ಶ್ರಮ ಸೇರಿದೆ. ಸಿದ್ದಪ್ಪಾಜಿಯ ಕಥೆ ಹೊಳೆಯಿದ್ದಂತೆ. ಅದಕ್ಕೆ ಬೇಲಿ ಹಾಕುವ ಹಕ್ಕು ಯಾರಿಗೂ ಇಲ್ಲ. ಆದರೆ ಒಬ್ಬ ನೀಲಗಾರ ವರ್ಷಗಟ್ಟಲೆ ಗುರುವಿನ ಹಿಂದೆ ಅಲೆದು, ನಿದ್ದೆಗೆಟ್ಟು, ಗಂಟಲು ಹರಿದುಕೊಂಡು ಹಾಡಿದ ಆ ಒಂದು ರಾತ್ರಿಯ ಹಾಡು ಅವನು ಹೊತ್ತು ತಂದ ಕೊಡ. ಹೊಳೆ ಎಲ್ಲರದು ಎಂಬ ನೆಪದಲ್ಲಿ ಅವನ ಕೊಡಕ್ಕೆ ಕೈಹಾಕುವುದು ಸರಿಯೇ? “ಹಾಡು ನಂದಲ್ಲ, ದನಿ ಮಾತ್ರ ನಂದು” ಎಂದ ಆ ಹಿರಿಯರು ಶಾಸ್ತ್ರ ಓದದೆಯೇ ಈ ಭೇದವನ್ನು ತಿಳಿದಿದ್ದರು.

ನಮ್ಮ ದೇಶದ ಕಾನೂನು ಕೂಡ ತಡವಾಗಿಯಾದರೂ ಇದನ್ನು ಒಪ್ಪಿಕೊಂಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯು ಪ್ರದರ್ಶಕ ಕಲಾವಿದರಿಗೂ ಹಕ್ಕುಂಟು ಎಂದಿತು. ಈಗ ಆ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ವಾಣಿಜ್ಯ ಬಳಕೆಯಲ್ಲಿ ಕಲಾವಿದನಿಗೆ ಗೌರವಧನದ ಪಾಲು ಸಲ್ಲಬೇಕೆಂದೂ, ತನ್ನ ಕಲೆಯೊಡನೆ ತನ್ನ ಹೆಸರು ಗುರುತಿಸಲ್ಪಡುವುದು ಅವನ ಹಕ್ಕೆಂದೂ ಹೇಳಿತು. ಆದರೆ ಓದಲು ಬಾರದವನಿಗೆ ಕಾನೂನು ಹೊತ್ತಗೆಯೊಳಗೇ ಉಳಿಯುತ್ತದೆ. ಕಾನೂನು ಇಲ್ಲದಿದ್ದಾಗ ಮಾಡಿದ್ದು ಅಜ್ಞಾನವೆನ್ನಬಹುದು, ಇದ್ದಾಗ ಮಾಡುವುದಕ್ಕೆ ಏನೆನ್ನಬೇಕು?

ಇನ್ನೊಂದು ವಾದವಿದೆ, ಅದು ಇನ್ನೂ ಸೂಕ್ಷ್ಮವಾದುದು. ಇದು ದೇವರ ಹಾಡು, ಭಕ್ತಿಯಿಂದ ಹಾಡುವಂಥದ್ದು, ಅದಕ್ಕೆ ಬೆಲೆ ಕಟ್ಟಿದರೆ ಅದರ ಪಾವಿತ್ರ್ಯ ಹಾಳಾಗುತ್ತದೆ ಎಂಬುದು. ಇಂಥ ಚರ್ಚೆ ಮುಸ್ಲಿಮರಲ್ಲೂ ನಡೆದಿದೆ. ಕುರ್‌ಆನ್ ಕಲಿಸಲು ವೇತನ ಪಡೆಯಬಾರದು ಎಂದು ಹನಫೀ ಪಂಥದ ಆರಂಭದ ವಿದ್ವಾಂಸರು ಹೇಳಿದ್ದರು. ಕಾಲ ಬದಲಾಯಿತು, ಉಸ್ತಾದರಿಗೆ ಬೈತುಲ್ ಮಾಲ್‌ನಿಂದ ಸಿಗುತ್ತಿದ್ದ ನೆರವು ನಿಂತಿತು. ಆಗ ಅದೇ ಪಂಥದ ನಂತರದ ವಿದ್ವಾಂಸರು ವೇತನವನ್ನು ಒಪ್ಪಿದರು. ಹೊಟ್ಟೆಗಿಲ್ಲದೆ ಕಲಿಸುವವರೇ ಇಲ್ಲವಾದರೆ ಕಲಿಕೆಯೇ ನಿಂತುಹೋಗುತ್ತದೆ ಎಂಬುದನ್ನು ಅವರು ಅರಿತಿದ್ದರು.

ನೀಲಗಾರನೂ ಹಿಂದೆ ಬರಿಗೈಯಲ್ಲಿ ಹಾಡಿದವನಲ್ಲ. ಅವನ ಹೆಗಲಿಗೆ ಜೋಳಿಗೆಯಿತ್ತು. ಮನೆಮನೆಯವರು ಅದಕ್ಕೆ ರಾಗಿ, ಅಕ್ಕಿ ಹಾಕುತ್ತಿದ್ದರು. ಕೇಳುವವನ ಕೈ ಹಾಡುವವನ ಜೋಳಿಗೆಗೆ ಎಟುಕುತ್ತಿತ್ತು. ಡಿಜಿಟಲ್ ಯುಗದಲ್ಲಿ ಕೇಳುವವರು ಲಕ್ಷವಾದರು, ಆದರೆ ಅವರ ಕೈ ಜೋಳಿಗೆಗೆ ಎಟುಕುವುದಿಲ್ಲ. ನಡುವೆ ನಿಂತವನು ಭಿಕ್ಷೆಯನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಹಾಡುವವನು ತನ್ನ ಪಾಲನ್ನು ಬಿಟ್ಟುಕೊಟ್ಟರೆ ಅದು ಅವನ ದೊಡ್ಡತನ. ಆದರೆ ಆ ತ್ಯಾಗವನ್ನು ಅವನ ಪರವಾಗಿ ಘೋಷಿಸಿ, ಫಲವನ್ನು ತಾನು ತಿನ್ನುವ ಅಧಿಕಾರ ವ್ಯಾಪಾರಿಗೆ ಇಲ್ಲ. ಜನರಿಗೆ ಸಲ್ಲಬೇಕಾದ ವಸ್ತುಗಳಲ್ಲಿ ಕಡಿತ ಮಾಡಬೇಡಿರೆಂದು ಪ್ರವಾದಿ ಶುಐಬ್(ಅ)ರು ತಮ್ಮ ಜನಾಂಗಕ್ಕೆ ನೀಡಿದ ಎಚ್ಚರಿಕೆಯನ್ನು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ನೆನಪಿಸುತ್ತದೆ. ಆ ಜನಾಂಗದ ಅಪರಾಧ ಅಳತೆ ತೂಕದಲ್ಲಿತ್ತು. ನಮ್ಮ ಕಾಲದ ತಕ್ಕಡಿ ಪರದೆಯ ಹಿಂದೆ ಇದೆ, ಅಷ್ಟೇ ವ್ಯತ್ಯಾಸ.

ಈಗ ವಿಷಯ ಇನ್ನೊಂದು ಮೆಟ್ಟಿಲು ಏರಿದೆ. ಹಾಡನ್ನು ನಕಲು ಮಾಡುವುದಷ್ಟೇ ಅಲ್ಲ, ದನಿಯನ್ನೇ ಕಲಿತು ಹಾಡದ ಹಾಡನ್ನೂ ಅದೇ ದನಿಯಲ್ಲಿ ಹಾಡಬಲ್ಲ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಶಿಷ್ಯ ಗುರುವಿನಿಂದ ಕಲಿಯುವಂತೆಯೇ ಯಂತ್ರವೂ ಕಲಿಯುತ್ತದೆ, ಶಿಷ್ಯನಿಗಿಲ್ಲದ ಶುಲ್ಕ ಯಂತ್ರಕ್ಕೇಕೆ ಎಂದು ಕೇಳುವವರಿದ್ದಾರೆ. ಉತ್ತರ ಕಷ್ಟವೇನಲ್ಲ. ಶಿಷ್ಯ ಗುರುವಿನ ಸೇವೆ ಮಾಡುತ್ತಾನೆ, ದೀಕ್ಷೆ ಪಡೆಯುತ್ತಾನೆ, ಗುರುವನ್ನು ನೆನೆದೇ ಹಾಡಿಗೆ ತೊಡಗುತ್ತಾನೆ, ನಾಳೆ ತಾನೂ ಇನ್ನೊಬ್ಬನಿಗೆ ಕಲಿಸುತ್ತಾನೆ. ಅಲ್ಲಿ ಸರಪಳಿಯಿದೆ. ಹದೀಸ್ ಸಂಗ್ರಹಕಾರರೂ ಇದನ್ನೇ ಜೀವಾಳವೆಂದು ನಂಬಿದ್ದರು. ಒಂದು ವಚನ ಎಷ್ಟೇ ಸುಂದರವಾಗಿರಲಿ, ಅದನ್ನು ಯಾರಿಂದ ಯಾರು ಕೇಳಿದರು ಎಂಬ ಇಸ್ನಾದ್ ಇಲ್ಲದಿದ್ದರೆ ಅವರು ಅದನ್ನು ಸ್ವೀಕರಿಸುತ್ತಿರಲಿಲ್ಲ. ತಲುಪಿಸಿದವನ ಹೆಸರನ್ನು ಅಳಿಸಿ ಮಾತನ್ನು ಮಾತ್ರ ಇಟ್ಟುಕೊಳ್ಳುವುದನ್ನು ಅವರು ಜ್ಞಾನವೆಂದು ಕರೆಯಲಿಲ್ಲ. ಸಾಹಿತ್ಯ ಅಕಾಡೆಮಿ 2001ರಲ್ಲಿ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದಾಗ, ಅದು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದೆಂದು ನಮೂದಿಸಿತು. ಹಾಳೆಯ ಮೇಲೆ ಸಾಧ್ಯವಾದ ಈ ಮರ್ಯಾದೆ ಪರದೆಯ ಮೇಲೆ ಏಕೆ ಅಸಾಧ್ಯ?

ಅಸಾಧ್ಯವಲ್ಲ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯು ಕಂಪ್ಯೂಟರಿಗೆ ಕನ್ನಡ ಕಲಿಸಲು ಕರ್ನಾಟಕದ ದಕ್ಷಿಣದ ಹಳ್ಳಿಗಳ ಜನರಿಂದ, ಅದರಲ್ಲೂ ಮಹಿಳೆಯರಿಂದ, ವಾಕ್ಯಗಳನ್ನು ಓದಿಸಿ ದನಿಮುದ್ರಿಸಿಕೊಂಡಿತು. ಅಮೆರಿಕದ ‘ಟೈಮ್’ ಪತ್ರಿಕೆ 2023ರ ಜುಲೈಯಲ್ಲಿ ಈ ಕುರಿತು ವರದಿ ಮಾಡಿತು. ಗಂಟೆಗೆ ಸುಮಾರು 5 ಡಾಲರ್ ಕೂಲಿ. ಆ ದನಿಯ ದಾಖಲೆ ಮತ್ತೊಬ್ಬರಿಗೆ ಮಾರಾಟವಾದರೆ ಮಾತಾಡಿದವರಿಗೆ ಮತ್ತೆ ಪಾಲು. ಒಂದು ಸಾಧಾರಣ ವಾಕ್ಯವನ್ನು ಓದಿದ ದನಿಗೆ ಇಷ್ಟು ಬೆಲೆಯಿದೆಯಾದರೆ, ಒಂದು ಮಹಾಕಾವ್ಯವನ್ನು ಹೊತ್ತ ದನಿಗೆ ಎಷ್ಟಿರಬೇಕು?

ಇಷ್ಟು ಬರೆದ ಮೇಲೆ ನನ್ನನ್ನೂ ಕೇಳಿಕೊಳ್ಳಬೇಕಾಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಅಂಗಡಿಗಳಲ್ಲಿ ಕುಳಿತವರಲ್ಲಿ ನಮ್ಮ ಸಮುದಾಯದ ಹುಡುಗರೂ ಇದ್ದರು, ಇಂದು ವೀಡಿಯೋ ಮಾಡುವ, ಸಂಕಲನ ಮಾಡುವ ಕೆಲಸದಲ್ಲೂ ಇದ್ದಾರೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಗಾರೆ ಕೆಲಸದವನಿಗೆ ಅನ್ವಯಿಸುತ್ತೇವೆ, ಹಾಡುಗಾರನಿಗೆ ಅನ್ವಯಿಸಲು ಮರೆಯುತ್ತೇವೆ. ದನಿಮುದ್ರಿಸುವ ಮೊದಲು ಕಾಗದವನ್ನು ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿ ಹೇಳುವುದು, ಹಾಡುಗಾರನ ಹೆಸರು ಮತ್ತು ಊರನ್ನು ನಮೂದಿಸುವುದು, ಬಂದ ಆದಾಯದಲ್ಲಿ ಪಾಲು ಕೊಡುವುದು, ಅವನ ಒಪ್ಪಿಗೆಯಿಲ್ಲದೆ ಅವನ ದನಿಯನ್ನು ಯಂತ್ರಕ್ಕೆ ಒಪ್ಪಿಸದಿರುವುದು - ಇವಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ನಮ್ಮ ಕೈಗೆ ಬಂದ ದನಿ ಒಂದು ಅಮಾನತ್ ಎಂಬ ಅರಿವು ಬೇಕು.

ಅಂದು ಟೀ ಅಂಗಡಿಯ ಹುಡುಗ ಒಳ್ಳೆಯವನು. “ತಾತ, ಇದರ ಕೆಳಗೆ ನಿಮ್ಮ ಹೆಸರು ಬರೀತೀನಿ, ನೋಡಿದವರಿಗಾದರೂ ಗೊತ್ತಾಗ್ಲಿ” ಎಂದ. ವೃದ್ಧರು ಸ್ವಲ್ಪ ಹೊತ್ತು ಯೋಚಿಸಿದರು. “ಮೊದ್ಲು ನಮ್ ಗುರುಗಳ ಹೆಸ್ರು ಬರಿಯಪ್ಪ. ಆಮೇಲ ನಂದು” ಎಂದರು. ತನ್ನ ಹೆಸರನ್ನೇ ಕಳೆದುಕೊಂಡ ಮನುಷ್ಯ ಮೊದಲು ಸಲ್ಲಿಸಿದ್ದು ತನ್ನ ಗುರುವಿನ ಋಣವನ್ನು. ಅವರ ಹಾಡಿನಿಂದ ಗಳಿಸಿದವರು, ಅದನ್ನು ಕೇಳಿ ತಲೆದೂಗಿದ ನಾವು, ನಮ್ಮ ಋಣವನ್ನು ಸಲ್ಲಿಸುವುದು ಯಾವಾಗ?