ಹಳೆಯ ಯಂತ್ರವೂ ಪರಿಗ್ರಹಪರಿಮಾಣವೂ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಮನೆಯಂಗಳದಲ್ಲಿಯೇ ಬಿಚ್ಚಿ, ತುಕ್ಕು ತೆಗೆದು, ಬಿಡಿಭಾಗಗಳನ್ನು ಹೊಸದರಂತೆ ಮಾಡುವ ಹವ್ಯಾಸ ಇಂದಿಗೂ ಕೆಲವರಲ್ಲಿದೆ. ಉಪ್ಪುಗಾಳಿಯ ನಮ್ಮ ಹೆಬಳೆಯ ಕಡಲತಡಿಯಲ್ಲಿ ತುಕ್ಕಿಗೇನೂ ಬರವಿಲ್ಲ! ಶ್ರಾವಕನಿಗೆ ಈ ಹವ್ಯಾಸ ಸಲ್ಲುವುದೇ?

ಇದ್ದುದನ್ನೇ ದುರಸ್ತಿಗೊಳಿಸುವವನು ಹೊಸದನ್ನು ಕೊಳ್ಳುವವನಿಗಿಂತ ಅಲ್ಪಾರಂಭಿ, ಇದು ನಿಜ. ಆದರೆ ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ. ಬಂಡಿ ಓಡಲೆಂದು ಕಾರ್ಬ್ಯುರೇಟರನ್ನು ಶುಚಿಗೊಳಿಸುವುದು ಬೇರೆ. ಓಡುತ್ತಿರುವ ಬಂಡಿಗೆ ಮೆರುಗಿಗಾಗಿ ಮತ್ತೆ ಕ್ರೋಮ್ ಲೇಪಿಸಿಸುವುದು, ಎಂದಾದರೂ ಬೇಕಾದೀತೆಂದು ನಾಲ್ಕು ಸೈಲೆನ್ಸರ್ ಕೂಡಿಡುವುದು ಬೇರೆ. ವ್ಯಾಪಾರಿಯಾದ ನನಗೆ ಆ ಮಾತು ಚಿರಪರಿಚಿತ. ಮಾರಾಟವಾಗದ ದಾಸ್ತಾನಿನ ಮುಂದೆ ನಿಂತು ನಾವು ಹೇಳಿಕೊಳ್ಳುವ ಸಮಾಧಾನವೇ ಅದು.

ಇನ್ನೂ ಹತ್ತಿರದ ಹಿಂಸೆಯೊಂದಿದೆ. ಭಾಗಗಳನ್ನು ತೊಳೆದ ಸೀಮೆಎಣ್ಣೆ, ಗೇರ್‌ಬಾಕ್ಸಿನಿಂದ ಇಳಿಸಿದ ಕಪ್ಪೆಣ್ಣೆ ತೆಂಗಿನ ಬುಡಕ್ಕೆ ಹೋದರೆ ಮರಳುನೆಲ ಅದನ್ನು ತಡೆಯದು. ಪಕ್ಕದ ಬಾವಿಗೇ ಇಳಿಸೀತು. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಹೀಗಾದರೆ ಆ ಬಟ್ಟೆ ಏನನ್ನು ಕಾಪಾಡಿತು? ನೆಲಜಲಗಳಿಗೆ ನಿಷ್ಪ್ರಯೋಜನವಾಗಿ ಮಾಡುವ ಘಾತವನ್ನು ರತ್ನಕರಂಡಕ ಶ್ರಾವಕಾಚಾರವು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದೆ. ಆದ್ದರಿಂದ ಹವ್ಯಾಸಿಯು ಬಂಡಿಯೆಷ್ಟು, ಬಿಡಿಭಾಗವೆಷ್ಟು ಎಂಬ ಮಿತಿಯನ್ನು ಮೊದಲೇ ಬರೆದಿಡಲಿ. ಇಳಿಸಿದ ಎಣ್ಣೆಯನ್ನು ತಟ್ಟೆಯಲ್ಲಿ ಹಿಡಿದು, ಡಬ್ಬಿಯಲ್ಲಿ ತುಂಬಿ, ಅದನ್ನು ಶುದ್ಧೀಕರಣಕ್ಕೆ ಒಯ್ಯುವವರಿಗೇ ಒಪ್ಪಿಸಲಿ.